ಕುಂಕುಮ ಹಚ್ಚಿದ ಕೈಗವಸು

ಮೈಸೂರಿನ ಮಂಡಿ ಮೊಹಲ್ಲಾದ ಧರ್ಮಾಸ್ಪತ್ರೆಯಲ್ಲಿ, ಎಕ್ಸ್‌ರೇ ಕೋಣೆಯ ಬಾಗಿಲ ಪಕ್ಕದ ಗೋಡೆಗೆ ಒಂದು ಕೈಯ ಚಿತ್ರ ತೂಗುಹಾಕಿದ್ದರು. ಗಾಜಿನ ಹಿಂದೆ ಸಣ್ಣದೊಂದು ಬಲ್ಬು, ಅದರ ಬೆಳಕಿನಲ್ಲಿ ಐದು ಬೆರಳುಗಳ ಬಿಳಿಯ ಮೂಳೆ, ಉಂಗುರದ ಬೆರಳಿನಲ್ಲೊಂದು ಉಂಗುರ. ದಾನ ಕೊಡುವ ದೊಡ್ಡ ಮನುಷ್ಯರು ಬಂದಾಗಲೆಲ್ಲ ಆಸ್ಪತ್ರೆಯ ಕಾರ್ಯದರ್ಶಿ ಮಹದೇವಯ್ಯನವರು ಅವರನ್ನು ಆ ಗೋಡೆಯ ಮುಂದೆ ನಿಲ್ಲಿಸಿ, “ನಮ್ಮ ಯಂತ್ರ ಎಷ್ಟು ಚೊಕ್ಕವಾಗಿ ತೆಗೀತದೆ ನೋಡಿ” ಎನ್ನುತ್ತಿದ್ದರು. ಹಳ್ಳಿಯಿಂದ ಬಂದ ಮುದುಕಿಯರು ಯಾರೋ ಸಾಧುಗಳ ಕೈಯಿರಬೇಕೆಂದು ಅದಕ್ಕೆ ಕೈಮುಗಿದದ್ದೂ ಉಂಟು. ಅದು ಸಾಧುಗಳದಲ್ಲ. ಆ ಕೋಣೆಯ ಜವಾನ ಮರಿಸ್ವಾಮಿಯ ಎಡಗೈ. ಹಾಗೆಂದು ಅದರ ಕೆಳಗೆ ಯಾರೂ ಬರೆದಿರಲಿಲ್ಲ.

ಮರಿಸ್ವಾಮಿ ವರುಣದ ಆಚೆಯ ಹಳ್ಳಿಯೊಂದರ ಒಕ್ಕಲುಮಗ. ಐದು ಜನ ಅಣ್ಣತಮ್ಮಂದಿರಲ್ಲಿ ಕೊನೆಯವನು. ಹೊಲ ಹಂಚುವ ಹೊತ್ತಿಗೆ ಅವನ ಪಾಲಿಗೆ ಬದು ಮಾತ್ರ ಉಳಿಯುತ್ತದೆಂದು ಅವನಿಗೇ ಗೊತ್ತಿತ್ತು. ಹಾಗಾಗಿ ಹೆಂಡತಿ ದೇವಿರಮ್ಮನನ್ನೂ ಕೈಕೂಸನ್ನೂ ಕರೆದುಕೊಂಡು ಮೈಸೂರಿಗೆ ಬಂದು ಮಂಡಿಯಲ್ಲಿ ಅಕ್ಕಿ ಮೂಟೆ ಹೊರುತ್ತಿದ್ದ. ಸ್ವಾತಂತ್ರ್ಯ ಬಂದ ಮರುವರ್ಷ ರೈಲಿನಲ್ಲಿ ಧರ್ಮಾಸ್ಪತ್ರೆಗೆಂದು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳು ಬಂದವು. ಯುದ್ಧ ಮುಗಿದ ಮೇಲೆ ಸೈನ್ಯದವರು ಬಿಟ್ಟುಹೋದ ಎಕ್ಸ್‌ರೇ ಯಂತ್ರ ಅದು. ಪೆಟ್ಟಿಗೆ ಹೊತ್ತು ತಂದವರಲ್ಲಿ ಮರಿಸ್ವಾಮಿಯೂ ಒಬ್ಬ. ಉಳಿದವರು ಕೂಲಿ ತೆಗೆದುಕೊಂಡು ಹೋದರು. ಇವನು ಪೆಟ್ಟಿಗೆಯಲ್ಲಿ ಏನಿದೆಯೆಂದು ನೋಡುವ ಆಸೆಗೆ ನಿಂತ. ಆ ಆಸೆಯೇ ಅವನನ್ನು ತಿಂದಿತು ಎಂದರೆ ತಪ್ಪಾಗಲಾರದು.

ಯಂತ್ರ ನೋಡಿಕೊಳ್ಳಲು ಮದ್ರಾಸಿನಲ್ಲಿ ಓದಿದ ವಯಸ್ಸಾದ ಡಾಕ್ಟರೊಬ್ಬರಿದ್ದರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಕತ್ತಲೆ ಕೋಣೆಯಲ್ಲಿ ಗಂಟೆಗಟ್ಟಲೆ ನಿಲ್ಲಬಲ್ಲ, ಹೆದರದ, ಕೈ ನಡುಗದ ಒಬ್ಬ ಆಳು ಅವರಿಗೆ ಬೇಕಾಗಿತ್ತು. ಮರಿಸ್ವಾಮಿ ಸಿಕ್ಕಿದ. ಯಂತ್ರ ಜೋಡಿಸಿದ ಮೊದಲ ದಿನ ಪರೀಕ್ಷೆಗೆಂದು ಅವನ ಕೈಯನ್ನೇ ಹಲಗೆಯ ಮೇಲೆ ಇಡಿಸಿ ಚಿತ್ರ ತೆಗೆದರು. ಫಿಲಂ ತೊಳೆದು ಬೆಳಕಿಗೆ ಹಿಡಿದಾಗ ಬದುಕಿರುವಾಗಲೇ ತನ್ನ ಮೂಳೆ ತಾನೇ ನೋಡಿದ ಮರಿಸ್ವಾಮಿಗೆ ಮೈ ಜುಮ್ಮೆಂದಿತು. ಮದುವೆಯಲ್ಲಿ ಮಾವ ತೊಡಿಸಿದ ಬೆಳ್ಳಿಯ ಉಂಗುರ ಮಾಂಸವಿಲ್ಲದ ಬೆರಳಿಗೆ ಹಾಗೇ ಸುತ್ತಿಕೊಂಡು ನಿಂತಿತ್ತು. ಸಂಜೆ ಮನೆಗೆ ಹೋಗಿ ದೇವಿರಮ್ಮನಿಗೆ, “ನಮ್ಮಪ್ಪ ಸತ್ತಾಗ ಬೂದಿಲಿ ಆಯ್ದಿದ್ದನ್ನ ನಾನಿವತ್ತು ಬದುಕಿರೋನ್ ಕೈಲಿ ನೋಡ್ಬುಟ್ಟೆ ಕಣೆ” ಎಂದ. ಅವಳು ಥತ್ ಎಂದು ಬೈದು ದೃಷ್ಟಿ ತೆಗೆದಳು.

ಅವನ ಕೆಲಸವೇನೆಂದರೆ ರೋಗಿಗಳನ್ನು ಹಲಗೆಯ ಮೇಲೆ ಮಲಗಿಸುವುದು, ಫಿಲಂ ತೊಳೆದು ಒಣಗಿಸುವುದು, ಅಲುಗಾಡುವ ಮಕ್ಕಳನ್ನು ಹಿಡಿದುಕೊಳ್ಳುವುದು. ಆ ಹಳೆಯ ಯಂತ್ರಕ್ಕೆ ಚಿತ್ರ ಹಿಡಿಯಲು ಬಹಳ ಹೊತ್ತು ಬೇಕಿತ್ತು. ಅಷ್ಟು ಹೊತ್ತು ಯಾವ ಮಗು ಸುಮ್ಮನಿದ್ದೀತು? ದೊಡ್ಡ ಡಾಕ್ಟರು “ಹಿಡ್ಕೋ ಮರಿಸ್ವಾಮಿ” ಎಂದು ಹೇಳಿ ತಾವು ಮೂಲೆಯ ಕಬ್ಬಿಣದ ಬೀರುವಿನ ಹಿಂದೆ ಸರಿದುಕೊಳ್ಳುವರು. ಮರಿಸ್ವಾಮಿ ಮಗುವಿನ ತೋಳು ಹಿಡಿದು, ತಾಯಿಯ ಕಡೆ ತಿರುಗಿ, “ಏನೂ ಆಗಲ್ಲ ಕಣವ್ವ, ಬೆಳಕಷ್ಟೆ” ಎನ್ನುವನು. ದಿನಕ್ಕೆ ಹತ್ತು ಸಲವಾದರೂ ಆ ಮಾತು ಅವನ ಬಾಯಲ್ಲಿ ಬರುತ್ತಿತ್ತು. ದೊಡ್ಡವರು ಯಾಕೆ ಬೀರುವಿನ ಹಿಂದೆ ಹೋಗುತ್ತಾರೆಂದು ಅವನು ಕೇಳಲಿಲ್ಲ. ಮಂಡಿಯಲ್ಲಿ ಸಾಹುಕಾರರು ನೆರಳಲ್ಲಿ ನಿಂತು ಮೂಟೆ ಎಣಿಸುವುದನ್ನು ದಿನಾ ನೋಡಿದವನಿಗೆ ಅದರಲ್ಲಿ ಹೊಸದೇನೂ ಕಾಣಿಸಲಿಲ್ಲ.

ಇದಕ್ಕಿಂತ ಕೇಡಿನ ಇನ್ನೊಂದು ಕೆಲಸವಿತ್ತು, ಅವನು ಬಹಳ ಹೆಮ್ಮೆಯಿಂದ ಮಾಡುತ್ತಿದ್ದದ್ದೂ ಅದನ್ನೇ. ಆ ಯಂತ್ರದ ಮೀಟರಿನ ಮುಳ್ಳು ಸರಿಯಾಗಿ ತೋರಿಸುತ್ತಿರಲಿಲ್ಲ. ಊರಿನ ಕರೆಂಟೂ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಮರಿಸ್ವಾಮಿ ಬಲಗೈಯಲ್ಲಿ ಗುಂಡಿ ಒತ್ತಿ, ಎಡಗೈಯನ್ನು ಕಿರಣ ಬಿದ್ದಾಗ ಹೊಳೆಯುವ ಪರದೆಯ ಹಿಂದೆ ಹಿಡಿದು, ತನ್ನ ಮೂಳೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಂದು ನೋಡಿ ಯಂತ್ರದ ಹದ ಹೇಳುತ್ತಿದ್ದ. ಮುದ್ದೆ ಬೆಂದಿದೆಯೋ ಇಲ್ಲವೋ ಎಂದು ಹೆಂಗಸರು ಒದ್ದೆ ಕೈಯಲ್ಲಿ ಮುಟ್ಟಿ ನೋಡುವುದಿಲ್ಲವೆ, ಹಾಗೆ. “ಇವತ್ತು ಒಸಿ ಕಮ್ಮಿ ಅದೆ ಬುದ್ಧಿ” ಎಂದು ಅವನೆಂದರೆ ಕಮ್ಮಿಯೇ. ದೊಡ್ಡ ಡಾಕ್ಟರು ಬಂದವರಿಗೆಲ್ಲ ಹೇಳುವರು, “ಮೀಟರ್ ಸುಳ್ಳು ಹೇಳಬಹುದು, ಮರಿಸ್ವಾಮಿ ಕೈ ಹೇಳಲ್ಲ.” ಆ ಹೊಗಳಿಕೆಯ ಮೇಲೆ ಅವನು ವರ್ಷಗಟ್ಟಲೆ ಬದುಕಿದ.

ಯಂತ್ರದ ಜೊತೆ ಒಂದು ಜೊತೆ ಕೈಗವಸುಗಳೂ ಬಂದಿದ್ದವು. ದಪ್ಪ ಚರ್ಮದವು, ಕಿರಣ ತಡೆಯಲೆಂದು ಒಳಗೆ ಸೀಸ ತುಂಬಿದವು, ಒಂದೊಂದೂ ಒಂದು ಎಳೆಗೂಸಿನಷ್ಟು ಭಾರ. ವಿಲಾಯತಿ ಸಾಮಾನು, ಹಾಳಾದರೆ ಇನ್ನೊಂದು ಸಿಗದು ಎಂದು ದೊಡ್ಡ ಡಾಕ್ಟರು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವು ಹೊರಗೆ ಬರುತ್ತಿದ್ದದ್ದು ವರ್ಷಕ್ಕೊಂದೇ ದಿನ, ಆಯುಧಪೂಜೆಗೆ. ಅಂದು ಯಂತ್ರಕ್ಕೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಮುಂದೆ ಎರಡು ಕೈಗವಸುಗಳನ್ನು ಜೋಡಿಸಿಟ್ಟು ಕುಂಕುಮವಿಟ್ಟು, ಬೂದುಗುಂಬಳ ಒಡೆದು ಪೂಜೆ ಮಾಡುವರು. ಮಾಡುವವನು ಮರಿಸ್ವಾಮಿಯೇ. ಮೂರನೆಯ ವರ್ಷದ ಪೂಜೆಯಾದ ಮೇಲೆ ದೊಡ್ಡ ಡಾಕ್ಟರ ಮನಸ್ಸಿಗೆ ಏನು ಹೊಳೆಯಿತೋ, “ಬೇಕಾದ್ರೆ ನೀನು ಇದನ್ನ ಹಾಕ್ಕೊಂಡು ಮಕ್ಕಳನ್ನ ಹಿಡ್ಕೋಬಹುದು ಕಣೋ” ಎಂದರು. ಮರಿಸ್ವಾಮಿ ನಾಲಗೆ ಕಚ್ಚಿಕೊಂಡ. ಪೂಜೆಗಿಟ್ಟದ್ದನ್ನು ಕೈಗೆ ಹಾಕಿಕೊಳ್ಳುವುದೆ? ಅದೂ ಉಚ್ಚೆ ಮಾಡುವ ಮಕ್ಕಳನ್ನು ಹಿಡಿಯಲು? ದೊಡ್ಡ ಡಾಕ್ಟರು ಎರಡನೆಯ ಸಲ ಹೇಳಲಿಲ್ಲ. ಎರಡನೆಯ ಸಲ ಹೇಳದಿದ್ದುದಕ್ಕೆ ಅವರ ಮೇಲೆ ಸಿಟ್ಟು ಬರುತ್ತದೆ. ಆದರೆ ಮೊದಲನೆಯ ಸಲ ಹೇಳಿದ್ದರಲ್ಲ ಎಂದು ಮರಿಸ್ವಾಮಿ ಕೊನೆಯವರೆಗೂ ಅವರ ಪರವಾಗಿಯೇ ಮಾತಾಡಿದ.

ಆರನೆಯ ವರ್ಷ ಎಡಗೈಯ ಉಗುರುಗಳಲ್ಲಿ ಗೆರೆ ಬಿದ್ದವು. ಆಮೇಲೆ ಚರ್ಮ ಒಣಗಿ ಹೊಳಪಾಯಿತು, ಬೆರಳ ಹಿಂಬದಿಯ ಕೂದಲು ಉದುರಿತು, ಗಂಟುಗಳ ಮೇಲೆ ಬಿರುಕು ಬಿಟ್ಟಿತು. ದೇವಿರಮ್ಮ ಹರಳೆಣ್ಣೆ ಹಚ್ಚಿದಳು, ಬೇವಿನ ಸೊಪ್ಪು ಅರೆದು ಕಟ್ಟಿದಳು. ಹತ್ತನೆಯ ವರ್ಷ ತೋರುಬೆರಳಿನ ಮೇಲೆ ಹುಣ್ಣೊಂದು ಎದ್ದಿತು, ಅದು ಮಾಯಲೇ ಇಲ್ಲ. ಉಳಿದ ಬೆರಳುಗಳೂ ಬಾತು ಉಂಗುರವನ್ನು ಅಕ್ಕಸಾಲಿಯ ಹತ್ತಿರ ಕತ್ತರಿಸಿ ತೆಗೆಸಬೇಕಾಯಿತು. ಅಷ್ಟರಲ್ಲಿ ದೊಡ್ಡ ಡಾಕ್ಟರು ನಿವೃತ್ತರಾಗಿ ಜಯಲಕ್ಷ್ಮಿಪುರದಲ್ಲಿ ಮನೆ ಕಟ್ಟಿಸಿಕೊಂಡು, ಬೀರುವಿನ ಬೀಗದ ಕೈಯನ್ನು ಮಹದೇವಯ್ಯನವರಿಗೆ ಕೊಟ್ಟು ಹೋಗಿದ್ದರು. ಮರಿಸ್ವಾಮಿ ಎಡಗೈ ಮೇಲೆ ಟವಲು ಹೊದೆಸಿಕೊಂಡು ಓಡಾಡತೊಡಗಿದ. ಟವಲು ಹೊದೆಸಿದರೆ ಊರಿನ ಬಾಯಿ ಮುಚ್ಚುತ್ತದೆಯೆ? ಅವನಿದ್ದ ವಠಾರದಲ್ಲಿ ಹನ್ನೊಂದು ಮನೆಗೆ ಒಂದೇ ನಲ್ಲಿ. ಒಂದು ದಿನ ಪಕ್ಕದ ಮನೆಯ ಬೀರಮ್ಮ ದೇವಿರಮ್ಮನ ಬಿಂದಿಗೆಯನ್ನು ಕಾಲಲ್ಲಿ ಆಚೆ ಸರಿಸಿ, “ನೀವು ಕೊನೇಲಿ ಹಿಡ್ಕೊಳ್ಳಿ ಕಣಕ್ಕ, ತಪ್ಪು ತಿಳ್ಕೋಬ್ಯಾಡಿ” ಎಂದಳು. ವಠಾರದಲ್ಲಿ ಯಾರೂ ಆ ರೋಗದ ಹೆಸರು ಬಾಯಿಬಿಟ್ಟು ಹೇಳಲಿಲ್ಲ. ದೊಡ್ಡ ರೋಗ ಎಂದರು, ಅಷ್ಟೆ. ಕುಷ್ಠವೆಂದು ಎಲ್ಲರಿಗೂ ಅರ್ಥವಾಯಿತು.

ಮರಿಸ್ವಾಮಿಗೆ ತನ್ನ ಕೈಗಿಂತ ಹೆಚ್ಚಿನ ಚಿಂತೆ ಮಗಳದು. ಪಂಕಜಾ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿದ್ದಳು, ಹದಿನೇಳು ತುಂಬಿತ್ತು. ಒಂಟಿಕೊಪ್ಪಲಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಚೆಲುವರಾಜು ಇವರ ಕಡೆಯವನೇ. ಫಿಲಂ ತೊಳೆಯಲು ಬೇಕಾದ ಹೈಪೋ ಉಪ್ಪನ್ನು ಇಬ್ಬರೂ ಒಂದೇ ಅಂಗಡಿಯಲ್ಲಿ ಕೊಳ್ಳುತ್ತಿದ್ದುದರಿಂದ ಪರಿಚಯ. ಒಮ್ಮೆ ಆಸ್ಪತ್ರೆಗೆ ಬಂದಾಗ ಗೋಡೆಯ ಮೇಲಿನ ಕೈಯ ಚಿತ್ರ ನೋಡಿ, “ಯಾರು ತೊಳೆದದ್ದು ಇದನ್ನ? ಒಂದು ಕಲೆ ಇಲ್ವಲ್ಲ” ಎಂದಿದ್ದ. ಒಬ್ಬ ಕಸುಬುದಾರ ಇನ್ನೊಬ್ಬನನ್ನು ಮೆಚ್ಚುವ ಮೆಚ್ಚಿಕೆ ಅದು. ತನ್ನ ಮಗನಿಗೆ ಪಂಕಜಾಳನ್ನು ಕೇಳಿದವನೂ ಅವನೇ. ಆದರೆ ವಠಾರದ ಮಾತು ಒಂಟಿಕೊಪ್ಪಲಿಗೂ ಮುಟ್ಟಿತ್ತು. ಚೆಲುವರಾಜು ನೇರವಾಗಿಯೇ ಹೇಳಿದ, “ಮರಿಸ್ವಾಮಣ್ಣ, ನನಗೇನೂ ಅನುಮಾನ ಇಲ್ಲ. ಆದ್ರೆ ಮನೇಲಿ ಹೆಂಗಸ್ರು ಕೇಳ್ಬೇಕಲ್ಲ. ಅದು ಆ ರೋಗ ಅಲ್ಲ, ಇಂಥಾದ್ರಿಂದ ಆಯ್ತು ಅಂತ ನಿಮ್ಮಾಸ್ಪತ್ರೆಯೋರು ಒಂದು ಕಾಗದ ಬರೆದುಕೊಡ್ಲಿ. ಕಾರ್ತೀಕದಲ್ಲಿ ಲಗ್ನ ಇಟ್ಕೊಳ್ಳೋಣ.”

ಒಂದು ಕಾಗದ. ಮಗಳ ಬಾಳು ಒಂದು ಕಾಗದಕ್ಕೆ ಬಂದು ನಿಂತಿತು.

ಅದೇ ಸಮಯಕ್ಕೆ, ಅರವತ್ತೆರಡರಲ್ಲಿ, ಆಸ್ಪತ್ರೆಗೆ ಹೊಸ ಯಂತ್ರ ಬಂತು. ಹಳೆಯದು ಉಸಿರು ಬಿಗಿಹಿಡಿದು ಕಾಯುವಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದದ್ದನ್ನು ಇದು ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತಿತ್ತು. ಗುಂಡಿ ಒತ್ತುವವರು ನಿಲ್ಲಲು ಸೀಸದ ತಡಿಕೆ, ತೊಡಲು ಸೀಸದ ಅಂಗಿ, ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಬ್ಯಾಡ್ಜು. ಆ ಬ್ಯಾಡ್ಜಿನೊಳಗೆ ಚೂರು ಫಿಲಂ. ತಿಂಗಳಿಗೊಮ್ಮೆ ಅದನ್ನು ಬೊಂಬಾಯಿಗೆ ಕಳಿಸಿದರೆ ಮೈಮೇಲೆ ಎಷ್ಟು ಕಿರಣ ಬಿದ್ದಿದೆಯೆಂದು ಅಲ್ಲಿಂದ ಬರೆದು ತಿಳಿಸುತ್ತಿದ್ದರು. ಯಂತ್ರದ ಜೊತೆಗೆ ಬೊಂಬಾಯಿಯಲ್ಲೇ ತರಬೇತಿಯಾದ ಗಿರಿಜಾಂಬಾ ಎಂಬ ಡಾಕ್ಟರೂ ಬಂದರು. ನಲವತ್ತರ ಒಳಗಿನ ಹೆಂಗಸು, ಮಾತು ಕಡಿಮೆ. ಬಂದ ಮೂರನೆಯ ದಿನ ಮರಿಸ್ವಾಮಿಯ ಟವಲನ್ನು ನೋಡಿ, “ಕೈ ತೋರಿಸಿ” ಎಂದರು.

ಅವನು ಹಿಂದೆ ಸರಿದ. ಅವರೇ ಟವಲು ತೆಗೆದು, ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿದರು. ಹೆಂಡತಿಯನ್ನು ಬಿಟ್ಟರೆ ಆ ಕೈಯನ್ನು ಬೇರೆ ಯಾರಾದರೂ ಮುಟ್ಟಿ ಎರಡು ವರ್ಷವಾಗಿತ್ತು.

“ಎಷ್ಟು ವರ್ಷ ಇದನ್ನ ಪರದೆ ಹಿಂದೆ ಹಿಡಿದ್ರಿ?” ಎಂದು ಗಿರಿಜಾಂಬಾ ಕೇಳಿದರು.

“ಹದಿನಾಕು ವರ್ಸ, ಅಮ್ಮಾವ್ರೇ. ನಿಮಗೆಂಗೆ ಗೊತ್ತಾಯ್ತು?”

“ಇಂಥ ಕೈಗಳ ಚಿತ್ರ ನಮ್ಮ ಪುಸ್ತಕದಲ್ಲಿವೆ. ಎಲ್ಲಾ ಮೊದಮೊದಲು ಈ ಯಂತ್ರದಲ್ಲಿ ಕೆಲಸ ಮಾಡಿ ಸತ್ತುಹೋದ ಡಾಕ್ಟರುಗಳದು. ಕೈಗವಸು ಕೊಟ್ಟಿರಲಿಲ್ವೆ ನಿಮಗೆ?”

ಮಹದೇವಯ್ಯನವರಿಂದ ಬೀಗದ ಕೈ ತರಿಸಿ ಬೀರು ತೆಗೆಸಿದರು. ಕೈಗವಸುಗಳು ಇದ್ದವು. ಹದಿನಾಲ್ಕು ಆಯುಧಪೂಜೆಯ ಕುಂಕುಮ ಚರ್ಮದ ಮಡಿಕೆಗಳಲ್ಲಿ ಗಟ್ಟಿಯಾಗಿ ಕೂತಿತ್ತು, ಒಣಗಿದ ಸೇವಂತಿಗೆಯ ಎಸಳು ಅಂಟಿಕೊಂಡಿತ್ತು. ಒಳಗೆ ಒಂದು ಬೆರಳೂ ಹೋಗಿರಲಿಲ್ಲ. ಗಿರಿಜಾಂಬಾ ಅವನ್ನು ಮೇಜಿನ ಮೇಲಿಟ್ಟು ಅಂಟಿದ ಎಸಳನ್ನು ಉಗುರಿನಿಂದ ಬಿಡಿಸಿದರು. ಮರಿಸ್ವಾಮಿಯೇ ಸಮಾಧಾನ ಹೇಳುವವನಂತೆ, “ಪೂಜೆ ಮಾಡಿದ್ದನ್ನ ಎಂಗೆ ಹಾಕ್ಕೊಳ್ಳೋದು ಅಂತ ನಾನೇ ಬುಟ್ಟೆ ಅಮ್ಮಾವ್ರೇ” ಎಂದ. ಕುಷ್ಠವಲ್ಲ ಇದು, ಕಿರಣದಿಂದ ಆದ ಹುಣ್ಣು, ಬೇಗ ಕತ್ತರಿಸಿ ತೆಗೆಯದಿದ್ದರೆ ಕ್ಯಾನ್ಸರಾಗುತ್ತದೆ, ಈಗಾಗಲೇ ಆಗಿರಲೂಬಹುದು ಎಂದು ಅವರು ಒಂದೊಂದಾಗಿ ಬಿಡಿಸಿ ಹೇಳಿದರು.

ಮರಿಸ್ವಾಮಿಗೆ ಕ್ಯಾನ್ಸರಿನ ಮಾತು ಕಿವಿಯ ಮೇಲೆ ಬೀಳಲಿಲ್ಲ. “ಅಂಗಾದ್ರೆ ಆ ಮಕ್ಕಳು?” ಎಂದ. ಅವನು ಹಿಡಿದ ಮಕ್ಕಳು ಸಾವಿರಾರು. ಏನೂ ಆಗಲ್ಲ ಎಂದು ಅವರ ತಾಯಂದಿರಿಗೆ ಅಷ್ಟೂ ಸಲ ಹೇಳಿದ್ದವನು ಅವನು. ಮಗಳ ಲಗ್ನ ಒಂದು ಕಾಗದಕ್ಕೆ ನಿಂತದ್ದನ್ನೂ ಹೇಳಿಕೊಂಡ.

“ಒಂದು ದಿನ ಬಂದು ಹೋಗೋರಿಗೆ ಅದು ನಾಲ್ಕು ಹನಿ ಮಳೆ ಬಿದ್ದ ಹಾಗೆ. ನೀವು ಹದಿನಾಲ್ಕು ವರ್ಷ ನೆನೆದಿದ್ದೀರಿ. ಕಾಗದ ಬೇಕು ಅಂದ್ರಲ್ಲ, ನಾನು ಬರೆದುಕೊಡ್ತೀನಿ. ಯಂತ್ರದಿಂದ ಆದದ್ದು ಅಂತಲೇ ಬರೀತೀನಿ.”

ಅಂದೇ ಮಧ್ಯಾಹ್ನ ಆ ಕಾಗದ ಕೈಗೆ ತೆಗೆದುಕೊಂಡಿದ್ದರೆ ಈ ಕಥೆ ಬೇರೆಯಾಗುತ್ತಿತ್ತು. ಆದರೆ ಸುದ್ದಿ ಮಹದೇವಯ್ಯನವರಿಗೆ ಮುಟ್ಟಿತು. ಅವರು ಮಂಡಿಯ ಹಳೆಯ ವ್ಯಾಪಾರಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವರು. ಮರಿಸ್ವಾಮಿಯನ್ನು ತಮ್ಮ ಕೋಣೆಗೆ ಕರೆಸಿ, ಯಾವತ್ತೂ ಇಲ್ಲದೆ ಕುರ್ಚಿಯ ಮೇಲೆ ಕೂರಿಸಿದರು. ಕುರ್ಚಿ ಕೊಟ್ಟಾಗಲೇ ಅವನು ಎಚ್ಚರಾಗಬೇಕಿತ್ತು.

“ನೋಡಪ್ಪ ಮರಿಸ್ವಾಮಿ, ನಿನ್ನ ಮಗಳ ಮದುವೆ ಅಂದ್ರೆ ನಮ್ಮನೆ ಮಗಳ ಮದುವೆ ಇದ್ದಂಗೆ. ಕಾಗದ ಕೊಡೋಣ, ಆಸ್ಪತ್ರೆ ಟ್ರಸ್ಟಿನ ಮೊಹರು ಒತ್ತಿ ಕೊಡೋಣ. ಆದ್ರೆ ಯಂತ್ರ ಕೈ ತಿನ್ನುತ್ತೆ ಅಂತ ಬರೆದು ಊರಿಗೆ ಬಿಟ್ರೆ, ನಾಳೆ ಯಾವ ತಾಯಿ ಮಗೂನ ಇಲ್ಲಿಗೆ ತರ್ತಾಳೆ ಹೇಳು. ಹೊಸ ಯಂತ್ರ ತೂಕಡಿಸ್ಕೊಂಡು ಕೂರುತ್ತೆ. ಆ ಅಮ್ಮ ಬೊಂಬಾಯಿಯವರು, ಇವತ್ತಿರ್ತಾರೆ ನಾಳೆ ಹೋಗ್ತಾರೆ. ಫಿಲಂ ತೊಳೆಯೋ ನೀರಿನಿಂದ ಆಯ್ತು ಅಂತ ಬರೆಸ್ತೀನಿ. ದೊಡ್ಡ ರೋಗ ಅಲ್ಲ ಅನ್ನೋದು ತಾನೆ ನಿನಗೆ ಬೇಕಾದ್ದು? ಕಾರಣ ಯಾವುದಾದ್ರೇನು.”

ಹೆದರಿಸಿದ್ದರೆ ಮರಿಸ್ವಾಮಿ ಒಪ್ಪುತ್ತಿರಲಿಲ್ಲವೇನೋ. ಅವರು ಹೆದರಿಸಲಿಲ್ಲ. ಅವನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದರು. ತಾನು ಮೈಯೊರೆಸಿ, ಹಾರ ಹಾಕಿ, ಹದ ನೋಡಿದ ಯಂತ್ರ ತನ್ನನ್ನೇ ತಿಂದಿತೆಂದು ನಂಬಲು ಅವನಿಗೂ ಇಷ್ಟವಿರಲಿಲ್ಲ. ಏನೂ ಆಗಲ್ಲ ಕಣವ್ವ ಎಂದು ಹೇಳಿದ್ದೆಲ್ಲ ಸುಳ್ಳಾಗುವುದಕ್ಕಿಂತ ಹೈಪೋ ನೀರಿನ ಮೇಲೆ ತಪ್ಪು ಹೊರಿಸುವುದು ಸುಲಭ. ಮೊಹರಿನ ಮೇಲೂ ಅವನಿಗೆ ಭರವಸೆ; ಮೊಹರಿಲ್ಲದ ಕಾಗದಕ್ಕೆ ಮೈಸೂರಿನಲ್ಲಿ ಯಾವ ಕಚೇರಿಯಲ್ಲೂ ಬೆಲೆಯಿರಲಿಲ್ಲ. ಗಿರಿಜಾಂಬಾ ಈ ಕಾಗದಕ್ಕೆ ರುಜು ಮಾಡುವುದಿಲ್ಲವೆಂದರು. ಬೇರೆ ಡಾಕ್ಟರೊಬ್ಬರು ಓದದೆ ರುಜು ಹಾಕಿದರು. “ಸುಳ್ಳು ಕಾಗದ ತಗೊಂಡು ಹೋಗ್ತಿದ್ದೀರಿ” ಎಂದು ಗಿರಿಜಾಂಬಾ ಅಂದದ್ದಕ್ಕೆ ಮರಿಸ್ವಾಮಿ ತಲೆ ತಗ್ಗಿಸಿ, “ಮೊಹರಿದೆಯಲ್ಲ ಅಮ್ಮಾವ್ರೇ” ಎಂದ.

ಭಾನುವಾರ ಚೆಲುವರಾಜು ಹೆಂಡತಿಯನ್ನೂ ಮಗನನ್ನೂ ಕರೆದುಕೊಂಡು ವಠಾರಕ್ಕೆ ಬಂದ. ದೇವಿರಮ್ಮ ಜಗುಲಿಗೆ ಸೆಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದಳು. ವಠಾರದವರೆಲ್ಲ ಅವರವರ ಬಾಗಿಲಲ್ಲಿ ನಿಂತು ನೋಡಲಿ ಎಂದೇ ಬಾಗಿಲು ಪೂರ್ತಿ ತೆಗೆದಿಟ್ಟಿದ್ದಳು. ಪಂಕಜಾ ಕಾಫಿ ತಂದಿಟ್ಟು ಒಳಗೆ ಹೋದಳು. ಹುಡುಗನ ಕಣ್ಣು ಅವಳ ಹಿಂದೆಯೇ ಹೋದದ್ದನ್ನು ನೋಡಿ ದೇವಿರಮ್ಮನ ಮುಖ ಅರಳಿತು. ಮರಿಸ್ವಾಮಿ ಟವಲಿನ ಒಳಗಿಂದ ಬಲಗೈಯಲ್ಲಿ ಕಾಗದ ತೆಗೆದು ಕೊಟ್ಟ.

ಚೆಲುವರಾಜು ಕನ್ನಡಕ ಹಾಕಿಕೊಂಡು ಓದಿದ. ಮತ್ತೊಮ್ಮೆ ಓದಿದ. ಕನ್ನಡಕ ತೆಗೆದು ಜೇಬಿಗಿಟ್ಟು, ಅಂಗಿಯ ತೋಳು ಮಡಿಸಿ, ತನ್ನ ಎರಡೂ ಕೈಗಳನ್ನು ಚಾಪೆಯ ಮೇಲೆ ಚಾಚಿದ. ಉಗುರಿನ ಸುತ್ತ ಕಂದು ಕಲೆ, ಅದು ಬಿಟ್ಟರೆ ಗಟ್ಟಿಮುಟ್ಟಾದ ಕೈ.

“ಮೂವತ್ತು ವರ್ಸದಿಂದ ದಿನಾ ಇದೇ ಹೈಪೋ ನೀರಲ್ಲಿ ಅದ್ದಿದೀನಿ ಮರಿಸ್ವಾಮಣ್ಣ. ನೀನು ನಾನು ಒಂದೇ ಅಂಗಡೀಲಿ ತರೋದು. ಉಗುರು ಕಪ್ಪಾಗ್ತದೆ. ಬೆರಳು ಕೊಳೆಯಲ್ಲ.”

ಮರಿಸ್ವಾಮಿ ಬಾಯಿ ತೆರೆದ. ಯಂತ್ರದಿಂದ ಆದದ್ದು, ಈ ಕಾಗದ ಸುಳ್ಳು ಎಂದ. ಬೊಂಬಾಯಿಯ ಡಾಕ್ಟರಮ್ಮ ನಿಜವಾದದ್ದು ಬರೆದುಕೊಡ್ತಾರೆ, ನಾಳೆಯೇ ತರ್ತೀನಿ ಎಂದ. ಒಂದು ಸುಳ್ಳು ಕೈಗೆ ಕೊಟ್ಟವನು ಎರಡನೆಯ ಸಲ ಹೇಳುವ ನಿಜಕ್ಕೆ ಯಾರು ಕಿವಿಗೊಡುತ್ತಾರೆ?

“ರೋಗ ಇದ್ದಿದ್ರೂ ಹೇಳಿದ್ರೆ ಯೋಚನೆ ಮಾಡ್ತಿದ್ದೆ ಕಣಣ್ಣ. ಮೊಹರು ಒತ್ತಿಸ್ಕೊಂಡು ಸುಳ್ಳು ತಂದ್ಯಲ್ಲ” ಎಂದು ಚೆಲುವರಾಜು ಎದ್ದ. ಅವನ ದನಿಯಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಕಾಫಿ ಲೋಟಗಳು ಮುಟ್ಟದೆ ಹಾಗೇ ಉಳಿದವು. ಬಾಗಿಲು ತೆರೆದೇ ಇತ್ತು, ಬೀರಮ್ಮನಾದಿಯಾಗಿ ಎಲ್ಲರೂ ಕೇಳಿಸಿಕೊಂಡಿದ್ದರು. ಇಷ್ಟು ದಿನ ಅನುಮಾನವಾಗಿದ್ದದ್ದು ಆ ಮಧ್ಯಾಹ್ನ ಗಟ್ಟಿಯಾಯಿತು: ಆ ರೋಗ ಅಲ್ಲದಿದ್ದರೆ ಸುಳ್ಳು ಕಾಗದ ಯಾಕೆ ಬೇಕಿತ್ತು? ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಎಂದು ಹಿರಿಯರು ಹೇಳಿದ್ದಾರೆ. ಈ ಹುಣ್ಣಿಗೆ ಕನ್ನಡಿ ಬೇಕಾಗಿತ್ತು, ಹಿಡಿದದ್ದು ಮಾತ್ರ ಸುಳ್ಳು ಕನ್ನಡಿ.

ಮರುವರ್ಷ ಅವನ ಎಡಗೈಯನ್ನು ಮಣಿಕಟ್ಟಿನವರೆಗೆ ತೆಗೆದರು. ತೆಗೆಯುವ ಮುಂಚೆ ಹೊಸ ಯಂತ್ರದಲ್ಲಿ ಅದರದೊಂದು ಚಿತ್ರ ಹಿಡಿದರು. ಹೊಸ ಟೆಕ್ನಿಷಿಯನ್ನು ತಡಿಕೆಯ ಹಿಂದೆ ಹೋಗಿ ನಿಂತಾಗ ಮರಿಸ್ವಾಮಿಗೆ ನಗು ಬಂತು. ಗೋಡೆಯ ಮೇಲಿನ ಹಳೆಯ ಚಿತ್ರವನ್ನು ಯಾರೂ ಬದಲಿಸಲಿಲ್ಲ. ಕತ್ತರಿಸಿದ ಮಾಂಸದ ಪರೀಕ್ಷೆಯಾಗಿ ಬಂದ ಮೇಲೆ ಗಿರಿಜಾಂಬಾ ಕೇಳದೆಯೇ ಕಾಗದ ಬರೆದುಕೊಟ್ಟರು. ಈ ಮನುಷ್ಯನಿಗೆ ಕುಷ್ಠವಿಲ್ಲ, ಇದು ಎಕ್ಸ್‌ರೇ ಕಿರಣಗಳಿಂದಾದ ಕ್ಯಾನ್ಸರು, ಹದಿನಾಲ್ಕು ವರ್ಷ ಕೈಗವಸಿಲ್ಲದೆ ದುಡಿದದ್ದೇ ಕಾರಣ. ಇಂಗ್ಲಿಷಿನಲ್ಲಿತ್ತು, ಅಕ್ಷರ ಮುತ್ತು ಪೋಣಿಸಿದಂತಿದ್ದವು. ಮರಿಸ್ವಾಮಿ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡ. ಅಷ್ಟು ಹೊತ್ತಿಗೆ ಚೆಲುವರಾಜುವಿನ ಮಗನಿಗೆ ನಂಜನಗೂಡಿನ ಕಡೆಯ ಹೆಣ್ಣಿನ ಜೊತೆ ಮದುವೆಯಾಗಿ ಐದು ತಿಂಗಳಾಗಿತ್ತು. ಪಂಕಜಾಳನ್ನು ಕೇಳಿಕೊಂಡು ಮತ್ತೆ ಯಾರೂ ಆ ವಠಾರದ ಮೆಟ್ಟಿಲು ಹತ್ತಲಿಲ್ಲ. ಆ ಕಾಗದದ ವಿಷಯಕ್ಕೇ ಮಹದೇವಯ್ಯನವರಿಗೂ ಗಿರಿಜಾಂಬಾ ಅವರಿಗೂ ಮಾತು ಬೆಳೆದು, ಡಾಕ್ಟರಮ್ಮ ರಾಜೀನಾಮೆ ಕೊಟ್ಟು ಬೊಂಬಾಯಿಗೆ ಹಿಂತಿರುಗಿದರು. ಹೋಗುವ ಮುಂಚೆ ಹೊಸ ಕೈಗವಸುಗಳನ್ನು ತರಿಸಲು ಬರೆದು ಹಾಕಿ ಹೋಗಿದ್ದರು.

ಕೈಯಿಲ್ಲದವನು ಕೆಲಸಕ್ಕೆ ಬಾರನೆಂದು ಮರಿಸ್ವಾಮಿಯನ್ನು ಮನೆಗೆ ಕಳಿಸಿದ ಟ್ರಸ್ಟು, ದಯೆಯಿಂದ ಅವನ ಮಗಳಿಗೆ ಅದೇ ಕೋಣೆಯಲ್ಲಿ ಕೆಲಸ ಕೊಟ್ಟಿತು. ದಯೆ ಎಂಬ ಮಾತು ಮಹದೇವಯ್ಯನವರದು. “ಬರೀ ಹೆಸರು ಬರೆಯೋ ಕೆಲಸ, ಯಂತ್ರದ ಹತ್ತಿರ ಹೋಗೋ ಹಾಗೇ ಇಲ್ಲ” ಎಂದು ಭಾಷೆ ಕೊಟ್ಟರು. ಮರಿಸ್ವಾಮಿ ಬೇಡವೆಂದ, ಎರಡು ದಿನ ಊಟ ಬಿಟ್ಟ. ಪಂಕಜಾ ಕೇಳಲಿಲ್ಲ. “ಮನೇಲಿ ಯಾರಾದ್ರೂ ದುಡೀಬೇಕಲ್ಲ ಅಪ್ಪ. ನನ್ನ ಕರ್ಕೊಂಡು ಹೋಗೋರು ಯಾರೂ ಬರಲ್ಲ, ನಾನೇ ಎಲ್ಲಿಗಾದ್ರೂ ಹೋಗ್ಬೇಕು” ಎಂದಳು.

ಅವಳು ಕೆಲಸಕ್ಕೆ ಸೇರಿದ್ದು ಅರವತ್ತನಾಲ್ಕರ ದಸರಾದ ಮುಂಚಿನ ವಾರ. ಮರಿಸ್ವಾಮಿ ದಿನಾ ಅವಳ ಜೊತೆ ಹೋಗಿ ಕೋಣೆಯ ಹೊರಗಿನ ಬೆಂಚಿನ ಮೇಲೆ, ತನ್ನದೇ ಕೈಯ ಚಿತ್ರದ ಕೆಳಗೆ ಕೂತಿರುತ್ತಿದ್ದ. ಹೊಸ ಕೈಗವಸುಗಳು ಬಂದಿದ್ದವು. ಆಯುಧಪೂಜೆಯ ದಿನ ಯಂತ್ರದ ಮುಂದೆ ಅವನ್ನಿಟ್ಟು ಕುಂಕುಮ ಹಚ್ಚುವುದನ್ನು ಅವನು ಬಾಗಿಲಿನಿಂದ ನೋಡಿದ. “ಪೂಜೆ ಬ್ಯಾಡಿ ಬುದ್ಧಿ, ಹಾಕ್ಕೊಳ್ಳೋಕೆ ಕೊಡಿ” ಎಂದ. ಮಹದೇವಯ್ಯನವರು ಮಂಗಳಾರತಿ ತಟ್ಟೆಯನ್ನು ಅವನ ಕಡೆ ಚಾಚಿದರು, ಬಲಗೈ ಕಡೆಗೆ. ಪೂಜೆಯಾದ ಮೇಲೆ ಕೈಗವಸು ಬೀರುವಿಗೆ ಹೋದವು, ಬೀಗದ ಕೈ ಅವರ ಸೊಂಟಕ್ಕೆ ಹೋಯಿತು.

ಅದಾಗಿ ಹತ್ತು ದಿನಕ್ಕೆ ಹಳ್ಳಿಯ ಹೆಂಗಸೊಬ್ಬಳು ಮೂರು ವರ್ಷದ ಹೆಣ್ಣುಮಗುವನ್ನು ಎತ್ತಿಕೊಂಡು ಬಂದಳು. ಗಾಡಿಯಿಂದ ಬಿದ್ದು ಮೊಣಕೈ ಬಾತಿತ್ತು. ಮಗು ಹಲಗೆಯ ಮೇಲೆ ನಿಲ್ಲದೆ ಒದ್ದಾಡಿತು. ತಾಯಿ ಬಸುರಿ, ಅವಳು ಒಳಗಿರುವಂತಿಲ್ಲ. ಟೆಕ್ನಿಷಿಯನ್ನು ಎದೆಗೆ ಬ್ಯಾಡ್ಜು ಸಿಕ್ಕಿಸಿಕೊಂ‍ಡು, ಇದ್ದ ಒಂದೇ ಸೀಸದ ಅಂಗಿ ತೊಟ್ಟು ತಡಿಕೆಯ ಹಿಂದೆ ನಿಂತಿದ್ದ. ಮಹದೇವಯ್ಯನವರು ಯಾವುದೋ ಮದುವೆಗೆ ಶ್ರೀರಂಗಪಟ್ಟಣಕ್ಕೆ ಹೋಗಿದ್ದರು. “ಪಂಕಜಾ, ಬಾಮ್ಮ, ಒಂದು ಗಳಿಗೆ ಹಿಡ್ಕೊ” ಎಂದು ಟೆಕ್ನಿಷಿಯನ್ನು ಕರೆದದ್ದು ಬೆಂಚಿನವರೆಗೂ ಕೇಳಿಸಿತು.

ಮರಿಸ್ವಾಮಿ ಎದ್ದು ಒಳಗೆ ನುಗ್ಗಿದ. “ನೀನು ಆಚೆ ಹೋಗು ಪಂಕಜಾ. ನಾನ್ ಹಿಡ್ಕೋತೀನಿ. ನಂದು ಹೆಂಗೂ ಹೋಗ್ಯದೆ.” ಬಲಗೈಯಿಂದ ಮಗುವಿನ ಭುಜ ಹಿಡಿದು, ಎಡಗೈಯ ಮೋಟನ್ನು ಅದರ ತೋಳಿನ ಮೇಲಿಟ್ಟ. ಟವಲು ಜಾರಿ ಬಿತ್ತು.

ಬಾಗಿಲಲ್ಲಿದ್ದ ತಾಯಿ ಒಂದೇ ಹೆಜ್ಜೆಗೆ ಬಂದು ಮಗುವನ್ನು ಕಿತ್ತುಕೊಂಡಳು. “ಆ ಕೈಲಿ ಮುಟ್ಬ್ಯಾಡಿ ಕಣಪ್ಪ.”

“ಅದಲ್ಲ ಕಣವ್ವ ಇದು. ಆ ರೋಗ ಅಲ್ಲ. ಇಲ್ನೋಡು, ಡಾಕ್ಟರಮ್ಮ ಬರೆದುಕೊಟ್ಟವ್ರೆ.” ಜೇಬಿನಿಂದ ಕಾಗದ ತೆಗೆದು, ಹಲ್ಲಿನಲ್ಲಿ ಕಚ್ಚಿ ಮಡಿಕೆ ಬಿಡಿಸಿ ಅವಳ ಮುಂದೆ ಹಿಡಿದ. ಮಡಿಸಿ ಮಡಿಸಿ ಕಾಗದ ನಡುವೆ ಹರಿಯಲು ಶುರುವಾಗಿತ್ತು.

ಅವಳು ಕಾಗದವನ್ನು ನೋಡಿದಳು, ಮೋಟನ್ನು ನೋಡಿದಳು. ಅವಳಿಗೆ ಅವನನ್ನು ನೋಯಿಸುವ ಮನಸ್ಸೇನೂ ಇರಲಿಲ್ಲ. “ನಂಗೆ ಓದಕ್ಕೆ ಬರಾಕಿಲ್ಲ ಕಣಣ್ಣ. ಕಣ್ಣು ಕಾಣ್ತದೆ. ಆ ಹೆಣ್ಣುಮಗಳೇ ಹಿಡ್ಕೊಳ್ಲಿ, ಇಲ್ಲಾಂದ್ರೆ ನಾನು ಮಗೀನ ಕರ್ಕೊಂಡೋಯ್ತೀನಿ” ಎಂದಳು.

“ಬ್ಯಾಡ ಪಂಕಜಾ” ಎಂದ ಮರಿಸ್ವಾಮಿ.

“ಮಗೂಗೆ ನೋವಾಗ್ತಿದೆ ಅಪ್ಪ. ನೀನು ಆಚೆ ಇರು” ಎಂದು ಪಂಕಜಾ ನೆಲದ ಮೇಲಿದ್ದ ಟವಲನ್ನು ಎತ್ತಿ ಅವನ ಹೆಗಲಿಗೆ ಹಾಕಿ, ತೋಳು ಹಿಡಿದು ಬಾಗಿಲಾಚೆ ಬಿಟ್ಟಳು. ತಾಯಿಯೂ ಬಂದು ಅವನಿಂದ ಮಾರು ದೂರ ನಿಂತಳು. ಬಾಗಿಲು ಮುಚ್ಚಿಕೊಂಡಿತು.

ಒಳಗೆ ಮಗು ಅಳುತ್ತಿತ್ತು. ಹೊರಗಿದ್ದ ತಾಯಿಗೆ ಕೇಳಿಸಲೆಂದು ಪಂಕಜಾ ದನಿಯೆತ್ತಿ ಹೇಳಿದಳು, “ಏನೂ ಆಗಲ್ಲ ಕಣವ್ವ, ಬೆಳಕಷ್ಟೆ.” ಮರಿಸ್ವಾಮಿ ಅವಳಿಗೆ ಆ ಮಾತು ಕಲಿಸಿರಲಿಲ್ಲ. ಚಿಕ್ಕವಳಾಗಿದ್ದಾಗ ಮಧ್ಯಾಹ್ನದ ಬುತ್ತಿ ತಂದು ಇದೇ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡಿದ್ದಳು. ಅವನು ಕಾಗದವನ್ನು ಮತ್ತೆ ನಾಲ್ಕು ಮಡಿಕೆ ಮಾಡಲು ಹೋದ, ಒಂದು ಕೈಯಲ್ಲಿ ಆಗಲಿಲ್ಲ. ಒಳಗೆ ಯಂತ್ರ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು.

“ಮಗು ಅಲ್ಲಾಡ್ಬಿಡ್ತು” ಎಂದು ಟೆಕ್ನಿಷಿಯನ್ನು ಹೇಳುವುದು ಕೇಳಿಸಿತು. “ಇನ್ನೊಂದ್ಸಲ ಹಿಡ್ಕೊಳ್ಳಮ್ಮ.”